ಬೆಳಕಿಗೆ ಲೆಕ್ಕ ಕಲಿಸಿದವರು

ಹರಿಹರದ ಬಳಿಯ ಕೊಂಡಜ್ಜಿ ಕೆರೆಗೆ ಎರಡು ಕಲ್ಲು ಎಸೆದರೆ, ಎರಡೂ ಕಡೆಯಿಂದ ಹೊರಟ ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುತ್ತವೆ, ಕೆಲವೆಡೆ ಪರಸ್ಪರ ಅಳಿಸಿಕೊಂಡು ಮಟ್ಟಸವಾಗುತ್ತವೆ. ಬೆಳಕಿನ ಅಲೆಗಳ ಕೂಡುವಿಕೆಯೂ ಕಳೆಯುವಿಕೆಯೂ ಹೀಗೆಯೇ. ಅರೆಪಾರದರ್ಶಕ ಹಾಳೆಯನ್ನು ಹಾದುಬಂದ ಬೆಳಕು ತನ್ನ ತೀವ್ರತೆಯ ಇಂತಿಷ್ಟು ಪಾಲನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಅದು ಗುಣಾಕಾರ. ಕೃತಕ ನರಜಾಲ, ಅಂದರೆ ನ್ಯೂರಲ್ ನೆಟ್‌ವರ್ಕ್, ಮಾಡುವ ಕೆಲಸದ ಬಹುಪಾಲು ಇಂಥ ಗುಣಾಕಾರ ಮತ್ತು ಸಂಕಲನವೇ.

ಈ ಲೆಕ್ಕವನ್ನು ಬೆಳಕಿನಿಂದಲೇ ಮಾಡಿಸುವ ಕ್ಷೇತ್ರದ ತಳಪಾಯದ ಒಂದು ಕಲ್ಲು ಬೆಂಗಳೂರಿನದು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಿ.ವಿ. ರಾಮನ್, ಎನ್.ಎಸ್. ನಾಗೇಂದ್ರನಾಥ್ ಅವರೊಂದಿಗೆ 1935–36ರಲ್ಲಿ ಸರಣಿ ಪ್ರಬಂಧಗಳನ್ನು ಪ್ರಕಟಿಸಿದರು. ಶ್ರವಣಾತೀತ ಧ್ವನಿ ಹಾಯುತ್ತಿರುವ ದ್ರವದಲ್ಲಿ ಸಾಂದ್ರತೆಯ ಪಟ್ಟಿಗಳು ಮೂಡುತ್ತವೆ. ಅವುಗಳನ್ನು ದಾಟುವ ಬೆಳಕು ಹಲವು ಕವಲಾಗಿ ಒಡೆಯುತ್ತದೆ. ಧ್ವನಿಯನ್ನು ಬದಲಿಸಿದರೆ ಕವಲುಗಳ ದಿಕ್ಕೂ ಬಲವೂ ಬದಲಾಗುತ್ತವೆ. ಲೇಸರ್ ಬಂದ ಮೇಲೆ, ವಿದ್ಯುತ್ ಸಂಕೇತವನ್ನು ಧ್ವನಿಯ ಮೂಲಕ ಬೆಳಕಿನ ಮೇಲೆ ಬರೆಯುವ ಸಾಧನಗಳಿಗೆ ಇದೇ ಆಧಾರವಾಯಿತು. ರಾಮನ್–ನಾಥ್ ವಿವರ್ತನೆ ಎಂಬ ಹೆಸರು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ.

1956ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ತರುಣ ಎಸ್. ಪಂಚರತ್ನಂ ಇನ್ನೊಂದು ಹೆಜ್ಜೆ ಇಟ್ಟರು. ಬೆಳಕಿನ ಧ್ರುವೀಕರಣ, ಅಂದರೆ ಅದರ ಅಲೆ ಕಂಪಿಸುವ ರೀತಿ, ಒಂದು ಸುತ್ತು ಹಾಕಿ ಮೊದಲಿನ ಸ್ಥಿತಿಗೆ ಮರಳಿದರೂ ಅಲೆಯಲ್ಲಿ ಒಂದು ಪಲ್ಲಟ ಉಳಿಯುತ್ತದೆಂದು ಅವರು ತೋರಿಸಿದರು. ಕೂದಲಿಗಿಂತ ತೆಳುವಾದ ಪದರಗಳಲ್ಲಿ ಬೆಳಕನ್ನು ಬೇಕಾದಂತೆ ತಿದ್ದಲು ಈಗ ಆ ಪಲ್ಲಟವೇ ಬಳಕೆಯಾಗುತ್ತಿದೆ.

ಮಸೂರವೊಂದು ಚಿತ್ರದ ಫೂರಿಯರ್ ಪರಿವರ್ತನೆಯನ್ನು, ಅಂದರೆ ಚಿತ್ರವನ್ನು ಸರಳ ಅಲೆಗಳಾಗಿ ಬಿಡಿಸುವ ಲೆಕ್ಕವನ್ನು, ಕ್ಷಣಾರ್ಧದಲ್ಲಿ ಮಾಡಿಕೊಡುತ್ತದೆ. ಅದನ್ನು ಬಳಸಿ 1964ರಲ್ಲಿ ಮಿಷಿಗನ್‌ನ ವ್ಯಾಂಡರ್ ಲುಗ್ಟ್, ಚಿತ್ರದೊಳಗಿನ ಆಕಾರವನ್ನು ಗುರುತಿಸುವ ಶೋಧಕ ರೂಪಿಸಿದರು. 1982ರಲ್ಲಿ ಜಾನ್ ಹಾಪ್‌ಫೀಲ್ಡ್ ನೆನಪಿನ ನರಜಾಲವೊಂದನ್ನು ಮಂಡಿಸಿದರು. ಮೂರೇ ವರ್ಷದಲ್ಲಿ ಸಾಲ್ಟಿಸ್ ಮತ್ತು ಫರ್ಹತ್ ತಂಡ ಅದನ್ನು 32 ನರಕೋಶಗಳ ಬೆಳಕಿನ ಯಂತ್ರವಾಗಿ ಕಟ್ಟಿತು. ಅರೆಬರೆ ಮಾಹಿತಿ ಕೊಟ್ಟರೂ ಅದು ಪೂರ್ಣ ನೆನಪನ್ನು ಹೊರತೆಗೆಯುತ್ತಿತ್ತು.

ಆದರೆ ದೊಡ್ಡ ತೊಡಕೊಂದು ಉಳಿದಿತ್ತು. ಕೂಡಿದ ಮೊತ್ತ ಒಂದು ಮಿತಿ ದಾಟಿತೇ ಇಲ್ಲವೇ ಎಂದು ನರಕೋಶ ತೀರ್ಮಾನಿಸಬೇಕು. ಸಾಮಾನ್ಯ ಮಾಧ್ಯಮದಲ್ಲಿ ಒಂದು ಕಿರಣ ಇನ್ನೊಂದನ್ನು ಬದಲಿಸದೆ ದಾಟಿಹೋಗುವುದರಿಂದ ಆ ತೀರ್ಮಾನವನ್ನು ಎಲೆಕ್ಟ್ರಾನಿಕ್ಸ್‌ಗೇ ಬಿಡಬೇಕಾಯಿತು. ಅಷ್ಟರಲ್ಲಿ ಸಿಲಿಕಾನ್ ಚಿಪ್‌ಗಳು ಅಗ್ಗವೂ ವೇಗವೂ ಆಗಿ, ಬೆಳಕಿನ ಗಣನೆಯ ಮೇಲಿನ ಉತ್ಸಾಹ ಇಳಿಯಿತು.

ಹಲವು ಪದರಗಳ ಆಳ ನರಜಾಲಗಳ ವಿದ್ಯುತ್ ಹಸಿವು ಆ ಉತ್ಸಾಹವನ್ನು ಮತ್ತೆ ಎಬ್ಬಿಸಿತು. 2017ರಲ್ಲಿ ಎಂಐಟಿಯ ತಂಡ ಬೆಳಕಿನ ಅಲೆಗಳನ್ನು ಕೂಡಿಸಿ ಕಳೆಯುವ 56 ವ್ಯತಿಕರಣಮಾಪಕಗಳ ಚಿಪ್‌ನಿಂದ ಸ್ವರಾಕ್ಷರಗಳ ಉಚ್ಚಾರಣೆಯನ್ನು ಗುರುತಿಸಿತು. ಸಾಮಾನ್ಯ ಕಂಪ್ಯೂಟರ್ ಸುಮಾರು ಶೇ. 92ರಷ್ಟು ಸರಿಯಾಗಿ ಹೇಳಿದರೆ, ಚಿಪ್ ಸುಮಾರು ಶೇ. 77ರಲ್ಲಿ ನಿಂತಿತು. ಮರುವರ್ಷ ಲಾಸ್ ಏಂಜಲೀಸ್‌ನಲ್ಲಿ ಐದೋಗನ್ ಓಜ್ಕಾನ್ ತಂಡ ಮುದ್ರಿಸಿದ ಪ್ಲಾಸ್ಟಿಕ್ ಪದರಗಳು, ಟೆರಾಹರ್ಟ್ಸ್ ಅಲೆಗಳು ಹಾದುಹೋದಷ್ಟರಿಂದಲೇ ಕೈಬರಹದ ಅಂಕಿಗಳನ್ನು ವಿಂಗಡಿಸಿದವು. ಆದರೆ ಮೊದಲನೆಯದರಲ್ಲಿ ಮಿತಿಯ ತೀರ್ಮಾನ ಕಂಪ್ಯೂಟರಿನಲ್ಲೇ ನಡೆದಿತ್ತು. ಎರಡನೆಯದರ ಪದರಗಳಲ್ಲಿ ಅದು ಇರಲೇ ಇಲ್ಲ.

ಸಿಲಿಕಾನ್‌ನಲ್ಲಿ ಬೆಳಕಿನ ಹಾದಿ ಕೆತ್ತುವ ಸಂಶೋಧನೆ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲೂ ನಡೆಯುತ್ತಿದೆ. ಆದರೆ ಮಿತಿಯ ತೀರ್ಮಾನಕ್ಕಾಗಿ ಬೆಳಕನ್ನು ವಿದ್ಯುತ್ತಾಗಿ, ವಿದ್ಯುತ್ತನ್ನು ಮತ್ತೆ ಬೆಳಕಾಗಿ ಬದಲಿಸುವಾಗಲೆಲ್ಲ ಶಕ್ತಿ ಖರ್ಚಾಗುತ್ತದೆ. ಗುಣಾಕಾರದಲ್ಲಿ ಮಾಡಿದ ಉಳಿತಾಯ ಅಲ್ಲೇ ಕರಗುತ್ತದೆ. ಹಾಗಾಗಿ ಕಡಿಮೆ ಶಕ್ತಿಯಲ್ಲಿ, ಬೆಳಕಿನೊಳಗೇ ಮಿತಿಯನ್ನು ತೀರ್ಮಾನಿಸುವ ಬಿಡಿಭಾಗ ಹುಡುಕುವುದು ಈ ಕ್ಷೇತ್ರದ ಈಗಿನ ಮುಖ್ಯ ಕೆಲಸಗಳಲ್ಲೊಂದು.