ಮಂಗಟ್ಟೆಯೂ ಹುಲ್ಲೂ ಒಂದು ಸಂಘವೂ

ಹವ್ಯಾಸಿಗಳು ಕೂಡಿ ಸಂಘ ಕಟ್ಟುವುದು, ವಂತಿಗೆ ತೆತ್ತು ಅದರ ಸದಸ್ಯರಾಗುವುದು ಬಿಡುವಿದ್ದವರ ವಿನೋದವೆಂದು ನಮ್ಮಲ್ಲಿ ಅನೇಕರ ಎಣಿಕೆ. ಆದರೆ ಅಂಥ ಒಂದು ಸಂಘದ ಚರಿತ್ರೆಯಲ್ಲಿ ನಮ್ಮ ನಾಡಿಗೂ ನಮ್ಮ ಗುರುಗಳಿಗೂ ಪಾಲಿದೆ.

1883ರ ಸೆಪ್ಟೆಂಬರ್ 15ರಂದು ಮುಂಬಯಿಯಲ್ಲಿ ಎಂಟು ಜನರು ಸೇರಿ ಪ್ರಾಣಿ, ಪಕ್ಷಿ, ಸಸ್ಯಗಳ ಬಗ್ಗೆ ತಾವು ಕಂಡುದನ್ನು ಪರಸ್ಪರ ಹಂಚಿಕೊಳ್ಳಲು ನಿಶ್ಚಯಿಸಿದರು. ಅವರಲ್ಲಿ ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯ ವೈದ್ಯರಿದ್ದರು. ಹೀಗೆ ಹುಟ್ಟಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ. ಮರುವರ್ಷ ಎಚ್. ಎಂ. ಫಿಪ್ಸನ್ ಎಂಬ ಮದ್ಯವ್ಯಾಪಾರಿ ತನ್ನ ಅಂಗಡಿಯಲ್ಲೇ ಅದಕ್ಕೊಂದು ಕೋಣೆ ಕೊಟ್ಟನು. ಕಾನಾ ಊರಿನ ಮದುವೆಯನ್ನು ಬಲ್ಲ ನಾವು ಇದಕ್ಕೆ ಮೂಗು ಮುರಿಯಬೇಕಾಗಿಲ್ಲ!

ಸ್ಥಾಪಕರಲ್ಲೊಬ್ಬನಾದ ಇ. ಎಚ್. ಏಟ್ಕನ್ ಸ್ಕಾಟ್ಲೆಂಡಿನ ಮಿಷನರಿಯೊಬ್ಬರ ಮಗ. ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ಕಾರವಾರದಲ್ಲಿ ಆತನೂ ಜೇಮ್ಸ್ ಡೇವಿಡ್ಸನ್ ಮತ್ತು ಅರಣ್ಯಾಧಿಕಾರಿ ಟಿ. ಆರ್. ಬೆಲ್ ಎಂಬುವರೂ ಕಂಬಳಿಹುಳುಗಳನ್ನು ತಂದು ಸಾಕಿದರು. ಯಾವ ಹುಳು ಯಾವ ಎಲೆ ತಿನ್ನುತ್ತದೆ, ಯಾವ ಚಿಟ್ಟೆಯಾಗಿ ಹೊರಬರುತ್ತದೆ ಎಂದು ತಾಳ್ಮೆಯಿಂದ ಬರೆದಿಟ್ಟರು. ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತ ಅವರ ಬರಹಗಳು 1890ರ ದಶಕದಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾದವು. ಸಂಬಳದ ಕೆಲಸ ಮುಗಿದ ಮೇಲಿನ ದುಡಿಮೆಯಿದು. 1894ರಲ್ಲಿ ಕಾರವಾರದಿಂದಲೇ ಸಂಘಕ್ಕೆ ಮಂಗಟ್ಟೆಯ ಮರಿಯೊಂದು ಕಾಣಿಕೆಯಾಗಿ ಹೋಯಿತು. ವಿಲಿಯಂ ಎಂಬ ಹೆಸರು ಪಡೆದು, 1920ರವರೆಗೆ ಕಚೇರಿಯಲ್ಲೇ ಬಾಳಿದ ಆ ಪಕ್ಷಿಯಿಂದ ಸಂಘದ ಲಾಂಛನ ಬಂದಿದೆ.

ಗುರುವಿಗೆ ಹೂವು ಹುಲ್ಲುಗಳ ಗೊಡವೆಯೇಕೆಂದು ಕೇಳುವವರುಂಟು. ಪ್ರಾಣಿಗಳಿಗೆ ಹೆಸರಿಡುವ ಕೆಲಸವನ್ನು ದೇವರು ಆದಾಮನಿಗೆ ಒಪ್ಪಿಸಿದರೆಂದು ಆದಿಕಾಂಡದಲ್ಲಿ ಓದುವವರು ಹಾಗೆ ಕೇಳಬಾರದು. ಸ್ವಿಟ್ಜರ್ಲೆಂಡಿನ ಯೇಸುಸಭೆಯ ಗುರು ಎಥೆಲ್ಬರ್ಟ್ ಬ್ಲಾಟರ್ ಮುಂಬಯಿಯ ಸಂತ ಜೇವಿಯರ್ ಕಾಲೇಜಿನಲ್ಲಿದ್ದು ಸಂಘದ ಪತ್ರಿಕೆಗೆ ಸಸ್ಯಲೇಖನಗಳನ್ನು ಬರೆದರು. ಅವರ ಜೊತೆಗಾರ ಚಾರ್ಲ್ಸ್ ಮೆಕ್ಯಾನ್ 1899ರಲ್ಲಿ ನಮ್ಮ ಕ್ಯಾಸಲ್‌ರಾಕ್‌ನಲ್ಲಿ ಹುಟ್ಟಿದವರು. ಬ್ಲಾಟರ್ 1934ರಲ್ಲಿ ತೀರಿಕೊಂಡರು. ಮುಂಬಯಿ ಪ್ರಾಂತದ ಹುಲ್ಲುಗಳನ್ನು ಕುರಿತು ಇಬ್ಬರೂ ಬರೆದ ಗ್ರಂಥ ಮರುವರ್ಷ ಹೊರಬಂದಿತು. ಅದೇ ಕಾಲೇಜಿನ ಮತ್ತೊಬ್ಬ ಯೇಸುಸಭೆಯ ಗುರು ಹರ್ಮೆನೆಗಿಲ್ಡ್ ಸಾಂತಾಪೌ ಮುಂದೆ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಮುಖ್ಯಸ್ಥರಾದರು. 1967ರಲ್ಲಿ ಪದ್ಮಶ್ರೀ ಪಡೆದರು.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದ್ದರಿಂದ ಚಚಡಿಯ ಎರೆಹೊಲವೂ ಆ ಹುಲ್ಲಿನ ಗ್ರಂಥದ ಎಲ್ಲೆಯೊಳಗಿನದೇ. ಕರಿಕೆಯ ಬೇರು ಎಷ್ಟು ಆಳಕ್ಕಿಳಿಯುತ್ತದೆಂದು ಕಳೆ ಕಿತ್ತ ಕೈಗಳು ಬಲ್ಲವು. ಎತ್ತು ಯಾವ ಹುಲ್ಲನ್ನು ಬಾಯಿಟ್ಟು ಬಿಡುತ್ತದೆಂದು ದನ ಕಾಯುವ ಹುಡುಗ ಬಲ್ಲ. ಆದರೆ ಗ್ರಂಥ ಇಂಗ್ಲಿಷಿನದು, ಹೆಸರುಗಳು ಲ್ಯಾಟಿನ್. ತಮ್ಮ ಹೊಲದ ಹುಲ್ಲನ್ನು ಕುರಿತು ಮುಂಬಯಿಯಲ್ಲೊಂದು ಪುಸ್ತಕವಾಗಿದೆಯೆಂದು ಆ ಹೊಲದವರಿಗೆ ಯಾರು ಹೇಳಬೇಕಿತ್ತು? ಈ ಕೊರತೆಯನ್ನು ನಾನು ಸಣ್ಣದೆಂದು ಎಣಿಸಲಾರೆ.

ಸಂಘದ ಬಾಗಿಲು ಇಂದಿಗೂ ತೆರೆದಿದೆ. ಸದಸ್ಯರಾಗಲು ಸಸ್ಯಶಾಸ್ತ್ರದ ಪದವಿ ಬೇಕಿಲ್ಲ, ವಂತಿಗೆ ತೆತ್ತರೆ ಸಾಕು.