ಮಾವ ಮಲಗಿದ್ದ ಗಾಳಿಗೋಪುರ: ಹಳೇ ದುಬೈಯಲ್ಲಿ ಊಟ, ವಾಸ, ನೋಟ

ಊರಿಂದ ಹೊಸಬರು ಯಾರೇ ಬಂದರೂ ಮೊದಲ ರಜೆಯಲ್ಲಿ ಕೇಳುವುದು ಒಂದೇ: "ಬುರ್ಜ್ ಖಲೀಫಾ ಯಾವ ಕಡೆ?" ಡೌನ್‌ಟೌನ್ ಅಂತ ಬೋರ್ಡ್ ಇರುವುದೂ ಅಲ್ಲೇ. ತಪ್ಪಿಲ್ಲ, ಒಂದು ಸಲ ಹೋಗಿ ನೋಡಿ ಬನ್ನಿ. ಆದರೆ ಅದು 2010ರಲ್ಲಿ ಉದ್ಘಾಟನೆಯಾದ ಕಟ್ಟಡ, ಹೆಚ್ಚುಕಡಿಮೆ ನನ್ನ ಐಟಿಐ ಸರ್ಟಿಫಿಕೇಟಿನಷ್ಟೇ ಹಳೆಯದು. ಈ ಊರಿನ ನಿಜವಾದ ಪೇಟೆ ಇರುವುದು ಕ್ರೀಕ್‌ನ ಎರಡು ದಡದಲ್ಲಿ. ಈಚೆ ಬರ್ ದುಬೈ, ಆಚೆ ದೇರಾ. ನನಗೆ ಅದನ್ನು ತೋರಿಸಿಕೊಟ್ಟದ್ದು ಕುಂದಾಪುರದ ಮನೆಯಲ್ಲಿ ಕೂತಿದ್ದ ನನ್ನ ಸೋದರಮಾವ, ಫೋನಿನಲ್ಲಿ.

ಮಾವ ಇಲ್ಲಿಗೆ ಬಂದದ್ದು 1974ರಲ್ಲಿ, ಬೊಂಬಾಯಿಯಿಂದ ದ್ವಾರಕಾ ಹಡಗಿನಲ್ಲಿ. ಆ ಕಂಪನಿಯದ್ದೇ ದಾರಾ ಅನ್ನುವ ಹಡಗು 1961ರ ಏಪ್ರಿಲ್‌ನಲ್ಲಿ ದುಬೈ ಹತ್ತಿರ ಸ್ಫೋಟವಾಗಿ 238 ಜನ ಸತ್ತಿದ್ದರು. ಆ ಸುದ್ದಿ ಕೇಳಿ ಗೊತ್ತಿದ್ದ ಅಜ್ಜಿ, ಮಗ ಹಡಗು ಹತ್ತುವ ದಿನ ಉಪವಾಸ ಇದ್ದರಂತೆ. ಮಾವ ಬರುವ ಎಂಟು ವರ್ಷ ಹಿಂದಿನವರೆಗೂ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿ! ಗಲ್ಫ್‌ಗೆ ಅಂತಲೇ ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಹೊರಡಿಸಿತ್ತು. 1966ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲೆ ಅದು ನಿಂತುಹೋಯಿತು. ಈಗ ನಾವು ದಿರ್ಹಂ ರೇಟು ನೋಡಿ ಊರಿಗೆ ದುಡ್ಡು ಹಾಕುವಾಗ ಇದನ್ನು ಯಾರು ನೆನೆಸುತ್ತಾರೆ?

ಸುತ್ತಾಟ ಅಲ್ ಫಹೀದಿಯಿಂದ ಶುರು ಮಾಡಿ. ಹಳಬರು ಬಸ್ತಕಿಯಾ ಅನ್ನುತ್ತಾರೆ. 1900ರ ಆಸುಪಾಸಿನಲ್ಲಿ ಇರಾನಿನ ಲಿಂಗೆ ಬಂದರಿನಲ್ಲಿ ಸುಂಕ ಏರಿತು. ಅದೇ ಹೊತ್ತಿಗೆ ದುಬೈಯ ಶೇಖ್ ಮಕ್ತೂಮ್ ಬಿನ್ ಹಶರ್ ಇಲ್ಲಿ ಸುಂಕ ತೆಗೆದುಹಾಕಿದರು. ವ್ಯಾಪಾರಿಗಳು ಅಲ್ಲಿಂದ ಇಲ್ಲಿಗೆ ಬಂದರು. ಅವರಲ್ಲಿ ಬಸ್ತಕ್ ಊರಿನವರು ಬಹಳ, ಅದಕ್ಕೇ ಆ ಹೆಸರು. ಅಂದರೆ ಅವರೂ ಹೊಟ್ಟೆಪಾಡಿಗೆ ಬಂದವರೇ, ದೊಡ್ಡ ಹೊಟ್ಟೆ ಅಷ್ಟೆ.

ಮನೆಗಳ ಮೇಲೆ ಚೌಕದ ಗೋಪುರ ಕಾಣುತ್ತವಲ್ಲ, ಅವು ಬರ್ಜೀಲ್, ಗಾಳಿಗೋಪುರ. ಎಲೆಕ್ಟ್ರಿಷಿಯನ್ ಆಗಿ ನನಗೆ ಅಲ್ಲಿ ಅರ್ಧ ಗಂಟೆ ಬೇಕು. ನಾಲ್ಕೂ ಕಡೆ ತೆರೆದಿರುತ್ತದೆ, ಒಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನ ಹಾಗೆ ಗೋಡೆ. ಯಾವ ದಿಕ್ಕಿನ ಗಾಳಿ ಬೀಸಿದರೂ ಆ ಕಡೆಯ ಕೊಳವೆಯಲ್ಲಿ ಕೆಳಗಿಳಿಯುತ್ತದೆ, ಬಿಸಿ ಗಾಳಿ ಎದುರು ಕಡೆಯಿಂದ ಮೇಲೆ ಹೋಗುತ್ತದೆ. ಮೋಟಾರಿಲ್ಲ, ಕಂಪ್ರೆಸರ್ ಇಲ್ಲ. ದುಬೈ ಎಲೆಕ್ಟ್ರಿಸಿಟಿ ಕಂಪನಿ ಹುಟ್ಟಿದ್ದು 1959ರಲ್ಲಿ, ಕರೆಂಟು ಕೊಡಲು ಶುರು ಮಾಡಿದ್ದು 1961ರಲ್ಲಿ. ಅಲ್ಲಿಂದಾಚೆಗೆ ಗೋಪುರದ ಕೆಲಸ ಮುಗಿಯಿತು, ನಮ್ಮ ಕೆಲಸ ಶುರುವಾಯಿತು.

ಎಣ್ಣೆ ದುಡ್ಡು ಬಂದ ಮೇಲೆ ಆ ಶ್ರೀಮಂತರು ಎಸಿ ಇರುವ ಹೊಸ ಮನೆಗಳಿಗೆ ಹೋದರು. ಖಾಲಿ ಬಿದ್ದ ಮನೆಗಳು ಗೋದಾಮುಗಳಾದವು, ಕೆಲಸಗಾರರ ಬಿಡಾರಗಳಾದವು. ಮಾವ ಮೂರು ವರ್ಷ ಮಲಗಿದ್ದು ಅಂಥ ಒಂದು ಮನೆಯಲ್ಲಿ, ಗೋಪುರದ ಅಡಿಯ ಕೋಣೆಯಲ್ಲಿ, ಹನ್ನೊಂದು ಜನರ ಜೊತೆ. "ಗಾಳಿ ಬರ್ತಿತ್ತಾ ಮಾವ?" ಅಂತ ಕೇಳಿದೆ. "ಎಂತ ಗಾಳಿ ಮಾರಾಯ, ಪಾರಿವಾಳ ಬರ್ತದೆ ಅಂತ ಮೇಲೆ ಹಲಗೆ ಹೊಡ್ದಿದ್ರು" ಅಂದರು. ಈಗ ಅದೇ ಓಣಿಗಳಲ್ಲಿ ಗ್ಯಾಲರಿ, ಕಾಫಿ ಮ್ಯೂಸಿಯಂ, ಫೋಟೋ ತೆಗೆಸಿಕೊಳ್ಳುವ ಮದುವೆ ಜೋಡಿಗಳು. ವ್ಯಾಪಾರಿಗಳ ಕತೆ ಹೇಳುವ ಬೋರ್ಡುಗಳನ್ನು ಓದುತ್ತಾ ಹೋದೆ. ನಾನು ಓದಿದ ಯಾವುದರಲ್ಲೂ ಚಾಪೆ ಹಾಸಿ ಮಲಗಿದವರ ಮಾತಿಲ್ಲ.

ಊಟದ ವಿಷಯ. ಮೀನಾ ಬಜಾರಿನ ಸುತ್ತ ಗುಜರಾತಿ ಥಾಲಿಯಿಂದ ಮಲಯಾಳಿ ಮೀನು ಸಾರಿನವರೆಗೆ ಎಲ್ಲ ಸಿಗುತ್ತದೆ. ದೋಸೆ ಬೇಕೇ ಬೇಕು ಅನ್ನುವವರು ಕರಾಮಾಕ್ಕೆ ನಡೆಯಿರಿ, ಉಡುಪಿ ರುಚಿಯ ಸಾಂಬಾರು ಅಲ್ಲಿದೆ. ಮಾವನ ಕಾಲದವರು ಇರಾನಿ ಒಲೆಯ ಖುಬ್ಜ್ ರೊಟ್ಟಿ, ಮೆಸ್ಸಿನ ದಾಲಿನಲ್ಲಿ ದಿನ ತೆಗೆದವರು. ಆ ರೊಟ್ಟಿ ಇಂದಿಗೂ ಬಿಸಿಬಿಸಿ ಸಿಗುತ್ತದೆ, ಕರಕ್ ಚಹಾದ ಜೊತೆ ತಿಂದು ನೋಡಿ. ಬಟ್ಟೆ ಸೂಕ್ ಪಕ್ಕದ ಹಿಂದಿ ಲೇನಿನಲ್ಲಿ ಹೂವು, ಕುಂಕುಮ ಕೊಳ್ಳಬಹುದು. ಅಲ್ಲಿದ್ದ ಶಿವಾಲಯ ಮಾತ್ರ 2024ರ ಆರಂಭದಲ್ಲಿ ಜೆಬೆಲ್ ಅಲಿಗೆ ಹೋಯಿತು. ಆಚೆ ದಡದ ಮಸಾಲೆ ಸೂಕಿನಲ್ಲಿ ನಮ್ಮ ಘಟ್ಟದ ಏಲಕ್ಕಿ ಉಂಟಾ ಅಂತ ಕೇಳಿದರೆ ಅಂಗಡಿಯವನು ಗ್ವಾಟೆಮಾಲಾ ಅಂದ. ಕೊಳ್ಳದೆ ಬಂದೆ.

ಉಳಿಯುವ ವಿಷಯಕ್ಕೆ ಬಂದರೆ, ಮನೆಯವರು ವಿಸಿಟ್‌ಗೆ ಬಂದಾಗ ದೇರಾದ ಬನಿಯಾಸ್, ನಾಯಿಫ್ ಕಡೆ ಸಾಧಾರಣ ಹೋಟೆಲುಗಳಿವೆ, ಮೆಟ್ರೋಗೂ ಹತ್ತಿರ. ಆದರೆ ನಮ್ಮಲ್ಲಿ ಹೆಚ್ಚಿನವರು ಹುಡುಕುವುದು ಬೆಡ್‌ಸ್ಪೇಸ್. ಇಲ್ಲಿ ನನ್ನದೊಂದು ತಪ್ಪು ಹೇಳಲೇಬೇಕು. ಬಂದ ಎರಡನೇ ವರ್ಷ, ರಜಾದಿನದ ಖರ್ಚಿಗೆ ಅಂತ, ಒಂದು ಹಳೇ ಕಟ್ಟಡದ ಫ್ಲಾಟಿಗೆ ವೈರಿಂಗ್ ಮಾಡಿಕೊಟ್ಟೆ. ಒಂದು ಹಾಲನ್ನು ಪ್ಲೈವುಡ್ ಹೊಡೆದು ಆರು ಗೂಡು ಮಾಡಿದ್ದರು. ಆರಕ್ಕೂ ಒಂದೇ ಲೈನು. 20 ಆಂಪಿಯರ್ ಎಂಸಿಬಿ ದಿನಾ ಟ್ರಿಪ್ ಆಗುತ್ತಿತ್ತು. ಬಾಡಿಗೆಗೆ ಕೊಟ್ಟವನು 32 ಹಾಕು ಅಂದ. ಹಾಕಿದೆ. ವೈರು ಅದೇ 2.5. ಐಟಿಐನಲ್ಲಿ ಮೊದಲ ವರ್ಷದ ಹುಡುಗನಿಗೂ ಗೊತ್ತು ಇದು ತಪ್ಪು ಅಂತ. ಟ್ರಿಪ್ ಆಗುವುದು ನಿಂತಿತು. ಎರಡು ವಾರ ಕಳೆದು ಅಲ್ಲಿದ್ದ ವಿಜಯಪುರದ ಹುಡುಗ ಮಧ್ಯರಾತ್ರಿ ಫೋನ್ ಮಾಡಿದ, "ಅಣ್ಣಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ." ಹೋಗಿ ನೋಡಿದರೆ ಸಾಕೆಟ್ಟು ಕರಗಿ ಪ್ಲೈವುಡ್ ಕಪ್ಪಾಗಿತ್ತು. ಅವನ ದಿಂಬಿನಿಂದ ಒಂದು ಗೇಣು ದೂರ.

2023ರ ಏಪ್ರಿಲ್ 15ರಂದು ದೇರಾದ ಅಲ್ ರಾಸ್‌ನಲ್ಲಿ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು 16 ಜನ ತೀರಿಕೊಂಡರು. ಆ ಬೆಂಕಿಗೂ ನನ್ನ ತಪ್ಪಿಗೂ ಸಂಬಂಧವಿಲ್ಲ. ಆದರೂ ಸೈಟಿನಲ್ಲಿ ಸುದ್ದಿ ಕೇಳಿದಾಗ ಕಣ್ಣಮುಂದೆ ಬಂದದ್ದು ಆ 32ರ ಎಂಸಿಬಿ. 2025ರಲ್ಲಿ ಪಾಲಿಕೆ ಅನುಮತಿಯಿಲ್ಲದ ಪಾರ್ಟಿಷನ್‌ಗಳ ಮೇಲೆ ಬಿಗಿ ಮಾಡಿತು, ನಮ್ಮವರೂ ಕೆಲವರು ರಾತ್ರೋರಾತ್ರಿ ಜಾಗ ಹುಡುಕಿದರು. ಬಾಡಿಗೆ ಕಷ್ಟ ನನಗೂ ಗೊತ್ತು. ಆದರೂ ಹಾಸಿಗೆ ನೋಡುವ ಮೊದಲು ಮೆಟ್ಟಿಲು ನೋಡಿ, ಬಾಗಿಲು ಒಳಗಿಂದ ಕೀಲಿಯಿಲ್ಲದೆ ತೆರೆಯುತ್ತದಾ ನೋಡಿ, ಸಾಕೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮುಂಗಡ ಕೊಡಬೇಡಿ. ಅನುಮಾನ ಇದ್ದರೆ ನನಗೆ ಹೇಳಿ, ರಜೆ ದಿನ ಬಂದು ಡಿಬಿ ತೆರೆದು ನೋಡುತ್ತೇನೆ. ದುಡ್ಡು ಬೇಡ.

ಮಾವನ ಮನೆ ಸಿಕ್ಕಿತಾ ಅಂತ ಕೇಳುತ್ತೀರಿ. ವಿಡಿಯೋ ಕಾಲ್ ಹಾಕಿ ಓಣಿ ಓಣಿ ತಿರುಗಿದೆ. "ಎಡಕ್ಕೆ ಹೋಗು, ಮಸೀದಿ ದಾಟು, ಇನ್ನೂ ಮುಂದೆ" ಅನ್ನುತ್ತಾ ಹೋದರು. ಮುಂದೆ ಹೋದರೆ ದಿವಾನ್ ಕಟ್ಟಡದ ಬೇಲಿ. 1980ರ ದಶಕದಲ್ಲಿ ಅದಕ್ಕಾಗಿ ಬಸ್ತಕಿಯಾದ ಅರ್ಧದಷ್ಟನ್ನು ಕೆಡವಿದ್ದರು, ಉಳಿದರ್ಧ ಉಳಿದದ್ದೇ ದೊಡ್ಡದು. ಬೇಲಿ ತೋರಿಸಿದೆ. ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಬ್ರಾ ಉಂಟಾ ಈಗ್ಲೂ?" ಅಂದರು.

ಉಂಟು, ಒಂದು ದಿರ್ಹಂ. ಹತ್ತಿ ಕೂತೆ. ದೇರಾ ಬರುವ ತನಕ ಮಾವನಿಗೆ ಬರೀ ನೀರು ತೋರಿಸಿದೆ. ಡೀಸೆಲ್ ಇಂಜಿನ್ನಿನ ಸದ್ದಿಗೆ ಅವರು ಹೇಳಿದ್ದು ಒಂದೂ ಕೇಳಿಸಲಿಲ್ಲ.