ತೊರೆಯಂಚಿನ 500 ಅಡಿ: ಕ್ಲೋಂಡೈಕ್‌ನಲ್ಲಿ ಚಿನ್ನದ ಹಕ್ಕಿನ ಕ್ರಯವಿಕ್ರಯ

ಹಳ್ಳದ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವವನಿಗೆ ಕನ್ನಡದಲ್ಲಿ ಜಲಗಾರನೆಂಬ ಹೆಸರುಂಟು. ಕಪ್ಪತಗುಡ್ಡದ ಹಳ್ಳಗಳಲ್ಲಿ ಈ ವೃತ್ತಿಯವರು ಹಿಂದೆ ಇದ್ದರು. ಬಂಡೆಯೊಳಗಿನ ಚಿನ್ನಕ್ಕೆ ಬಂಡವಾಳವೂ ಯಂತ್ರವೂ ಬೇಕು. ನೀರು ಹೊತ್ತು ತಂದ ಚಿನ್ನಕ್ಕೆ ಬೋಗುಣಿಯೂ ರಟ್ಟೆಯ ಬಲವೂ ಸಾಕು. ಆದುದರಿಂದಲೇ 19ನೆಯ ಶತಮಾನದ ಉತ್ತರ ಅಮೆರಿಕದಲ್ಲಿ ತೊರೆಯ ಪಕ್ಕದ ಚಿಕ್ಕ ತುಂಡೊಂದನ್ನು ಕೊಳ್ಳುವುದು ಬಡವನ ಕೈಗೂ ಎಟಕುವ ಸಾಹಸವಾಯಿತು. ಆದರೆ ಹಾಗೆ ಕೊಂಡವನು ನಿಜವಾಗಿ ಕೊಂಡದ್ದು ಏನನ್ನು? ಕೆನಡಾದ ಯೂಕಾನ್ ಪ್ರಾಂತದ ಕ್ಲೋಂಡೈಕ್ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

1896ರ ಆಗಸ್ಟ್‌ನಲ್ಲಿ ರ‍್ಯಾಬಿಟ್ ತೊರೆಯಲ್ಲಿ ಚಿನ್ನ ಕಂಡಿತು. ಅಲ್ಲಿದ್ದವರು ಟಾಗಿಶ್ ಜನಾಂಗದ ಕೀಶ್, ಅಂದರೆ ಸ್ಕೂಕಮ್ ಜಿಮ್, ಅವನ ಬಂಧು ಡಾಸನ್ ಚಾರ್ಲಿ, ಕೀಶ್‌ನ ಸೋದರಿಯ ಗಂಡನಾದ ಅಮೆರಿಕನ್ ಜಾರ್ಜ್ ಕಾರ್ಮಾಕ್. ಮೊದಲು ಕಂಡವನು ಜಿಮ್ ಎಂದು ಟಾಗಿಶ್ ಪರಂಪರೆ ಹೇಳುತ್ತದೆ. ಶೋಧದ ಹಕ್ಕು ದಾಖಲಾದದ್ದು ಕಾರ್ಮಾಕ್‌ನ ಹೆಸರಿನಲ್ಲಿ. ಆ ತೊರೆಗೆ ಬೊನಾನ್ಜಾ ಎಂಬ ಹೊಸ ಹೆಸರು ಬಂದಿತು.

ಅಂದಿನ ನಿಯಮದಂತೆ ಒಂದು ಕ್ಲೇಮಿನ ಉದ್ದ ತೊರೆಯ ಗುಂಟ 500 ಅಡಿ. ಅಗಲ ಕಣಿವೆಯ ಒಂದು ಬದಿಯ ಬುಡದಿಂದ ಮತ್ತೊಂದರ ಬುಡದವರೆಗೆ. ಶೋಧದ ತಾಣದಿಂದ ಮೇಲಕ್ಕೂ ಕೆಳಕ್ಕೂ 'ಮೇಲಿನ ಒಂದು', 'ಕೆಳಗಿನ ಎರಡು' ಎಂದು ತುಂಡುಗಳಿಗೆ ಸಂಖ್ಯೆ ಬೀಳುತ್ತಿತ್ತು. ಗೂಟ ನೆಟ್ಟು, 15 ಡಾಲರ್ ಶುಲ್ಕ ತೆತ್ತು ದಾಖಲಿಸಿದರೆ ಹಕ್ಕು ಲಭಿಸುತ್ತಿತ್ತು. ನೆಲದ ಒಡೆತನ ಅದರಲ್ಲಿ ಸೇರಿರಲಿಲ್ಲ. ಚಿನ್ನ ತೆಗೆಯುವ ಅಧಿಕಾರವನ್ನು ವರ್ಷವರ್ಷವೂ ನವೀಕರಿಸಿಕೊಳ್ಳಬೇಕಿತ್ತು. 1897ರಲ್ಲಿ ಸರ್ಕಾರ ತೆಗೆದ ಚಿನ್ನದ ಮೇಲೆ ರಾಜಧನವನ್ನೂ ವಿಧಿಸಿತು. ಗೂಟ ನೆಡುವುದಕ್ಕೆ ಮಿತಿಯಿತ್ತು. ಕೊಳ್ಳುವುದಕ್ಕೆ ಅಂತಹ ಮಿತಿಯಿರಲಿಲ್ಲ. ವ್ಯಾಪಾರ ಬೆಳೆದದ್ದು ಈ ಸಂದಿನಲ್ಲಿಯೇ.

ಕೊಳ್ಳುವವನ ಮುಖ್ಯ ಸಂಕಟವೆಂದರೆ ಸರಕು ಕಣ್ಣಿಗೆ ಕಾಣದಿರುವುದು. ಚಿನ್ನ ಭಾರವಾದುದರಿಂದ ಜಲ್ಲಿಯ ತಳಕ್ಕಿಳಿದು ತಳಬಂಡೆಯ ಮೇಲೆ ಕೂಡುತ್ತದೆ. ಯೂಕಾನಿನ ನೆಲವೋ ವರ್ಷವಿಡೀ ಹೆಪ್ಪುಗಟ್ಟಿದ್ದು. ರಾತ್ರಿ ಬೆಂಕಿ ಹಾಕಿ ನೆಲವನ್ನು ಕರಗಿಸಿ, ಹಗಲು ಕರಗಿದಷ್ಟನ್ನು ಅಗೆದು ಬಾವಿ ಇಳಿಸಬೇಕಿತ್ತು. ಚಳಿಗಾಲವೆಲ್ಲ ರಾಶಿ ಹಾಕಿದ ಜಲ್ಲಿಯನ್ನು ವಸಂತದಲ್ಲಿ ನೀರು ಹರಿದಾಗ ಮರದ ದೋಣಿಗಳಲ್ಲಿ ತೊಳೆಯುತ್ತಿದ್ದರು. ಅಲ್ಲಿಯವರೆಗೆ ಬೆಲೆ ಕಟ್ಟಲು ಇದ್ದ ಆಧಾರವೆಂದರೆ ಬೋಗುಣಿಯ ಪರೀಕ್ಷೆ ಮಾತ್ರ. ಹಳೆಯ ತೊರೆಗಳಲ್ಲಿ ಬೋಗುಣಿಗೆ 10 ಸೆಂಟಿನ ಚಿನ್ನ ಸಿಕ್ಕರೆ ಒಳ್ಳೆಯದೆಂದು ಎಣಿಸುತ್ತಿದ್ದವರಿಗೆ ಹೊಸ ತೊರೆಗಳ ಅಳತೆ ತಿಳಿಯುವುದು ಸುಲಭವಾಗಿರಲಿಲ್ಲ.

ಹೀಗಾಗಿ ಆ ಚಳಿಗಾಲದ ಬೆಲೆಗಳಿಗೆ ತರ್ಕವಿರಲಿಲ್ಲ. ಎಲ್ಡೊರಾಡೊ ತೊರೆಯ 30ನೆಯ ಕ್ಲೇಮನ್ನು ಅಲೆಕ್ಸ್ ಮೆಕ್‌ಡೊನಾಲ್ಡ್ ಒಂದು ಮೂಟೆ ಹಿಟ್ಟು ಮತ್ತು ಉಪ್ಪು ಹಾಕಿದ ಹಂದಿಮಾಂಸಕ್ಕೆ ಕೊಂಡನೆಂಬುದು ಪ್ರಸಿದ್ಧ ಕಥನ. ಪಕ್ಕದ 29ನೆಯದನ್ನು ಸ್ವೀಡನ್ನಿನ ಚಾರ್ಲಿ ಆಂಡರ್ಸನ್ ಕುಡಿದ ಅಮಲಿನಲ್ಲಿ 800 ಡಾಲರಿಗೆ ಕೊಂಡು, ಮರುದಿನ ಹಣ ಹಿಂದಿರುಗಿಸೆಂದು ಬೇಡಿದನಂತೆ. ಮಾರಿದವರು ಒಪ್ಪಲಿಲ್ಲ. ಆ ತುಂಡಿನಿಂದ 10 ಲಕ್ಷ ಡಾಲರಿಗೂ ಮಿಕ್ಕ ಚಿನ್ನ ಹೊರಟಿತು. ಇಬ್ಬರೂ ಸಂಪತ್ತನ್ನು ಕಳೆದುಕೊಂಡೇ ಸತ್ತರೆಂಬುದು ಕಥೆಯ ಉತ್ತರಾರ್ಧ.

ಅಳತೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಆರಂಭದ ಗೂಟಗಳನ್ನು ಅಂದಾಜಿನಲ್ಲಿ ನೆಡಲಾಗಿತ್ತು. ಸರ್ಕಾರಿ ಮೋಜಣಿದಾರ ವಿಲಿಯಂ ಓಗಿಲ್ವಿ ಸರಪಳಿ ಹಿಡಿದು ಅಳೆದಾಗ ಬೊನಾನ್ಜಾದ 'ಮೇಲಿನ ಎರಡು' 86 ಅಡಿ ಹೆಚ್ಚಾಗಿತ್ತು. ಉಳಿದ ಆ ತುಣುಕನ್ನು ಸರಪಳಿ ಹಿಡಿಯುತ್ತಿದ್ದ ಡಿಕ್ ಲೋ ಅರೆಮನಸ್ಸಿನಿಂದ ಹಿಡಿದನು. 900 ಡಾಲರಿಗೆ ಮಾರಲು ಹೊರಟರೂ ಕೊಳ್ಳುವವರು ಸಿಗಲಿಲ್ಲ. ಕೊನೆಗೆ ತಾನೇ ಅಗೆದನು; ಸುಮಾರು 5 ಲಕ್ಷ ಡಾಲರಿನ ಚಿನ್ನ ದೊರೆಯಿತು.

ಇಂತಹ ಕಥೆಗಳು ಉಳಿದದ್ದು ಅವು ಅಪವಾದಗಳಾದುದರಿಂದಲೇ. 1897ರ ಜುಲೈಯಲ್ಲಿ ಚಿನ್ನ ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್‌ಗಳನ್ನು ಮುಟ್ಟಿದಾಗ ಲೋಕಕ್ಕೆ ಸುದ್ದಿ ತಿಳಿಯಿತು. ಆ ಹೊತ್ತಿಗೆ ಒಳ್ಳೆಯ ತೊರೆಗಳೆಲ್ಲ ಹಂಚಿಹೋಗಿದ್ದವು. 1898ರಲ್ಲಿ ಬಂದ ಸಹಸ್ರಾರು ಜನರ ಪಾಲಿಗೆ ಉಳಿದದ್ದು ದುಬಾರಿ ಖರೀದಿ, ಪಾಲುಗುತ್ತಿಗೆ ಇಲ್ಲವೇ ಕೂಲಿ. ಮುಂದಿನ ದಶಕದಲ್ಲಿ ಕಂಪನಿಗಳು ಬಿಡಿ ತುಂಡುಗಳನ್ನು ಒಟ್ಟಾಗಿ ಕೊಂಡು, ಹೂಳೆತ್ತುವ ದೈತ್ಯಯಂತ್ರಗಳನ್ನು ಇಳಿಸಿದವು.

ಈ ಎಲ್ಲ ಕ್ರಯಪತ್ರಗಳ ಹಿಂದೆ ಎಂದೂ ಬರೆಯದ ಒಂದು ಪತ್ರವಿದೆ. ಕ್ಲೋಂಡೈಕ್ ನದಿಯ ಬಾಯಲ್ಲಿ ಸಾಲ್ಮನ್ ಮೀನು ಹಿಡಿದು ಬಾಳುತ್ತಿದ್ದ ಟ್ರೊಂಡೆಕ್ ಹ್ವೆಚಿನ್ ಜನರು ಆ ನೆಲವನ್ನು ಯಾರಿಗೂ ಮಾರಿರಲಿಲ್ಲ. ಜನಪ್ರವಾಹ ನುಗ್ಗಿದಾಗ ಅವರ ನಾಯಕ ಐಸಾಕ್ ತನ್ನವರನ್ನು ಕೆಳಹೊಳೆಯ ಮೂಸ್‌ಹೈಡ್‌ಗೆ ಕರೆದೊಯ್ದನು. ಅವರ ಭೂಹಕ್ಕಿನ ಅಂತಿಮ ಒಪ್ಪಂದವಾದದ್ದು 1998ರಲ್ಲಿ, ಚಿನ್ನ ಕಂಡು ಒಂದು ಶತಮಾನ ಕಳೆದ ಮೇಲೆ. 500 ಅಡಿಯಲ್ಲಿ 86 ಅಡಿಯ ವ್ಯತ್ಯಾಸವನ್ನು ಅಷ್ಟು ನಿಖರವಾಗಿ ಹಿಡಿದ ಸರಪಳಿಗೆ ಈ ಬಾಕಿ ಮಾತ್ರ ಕಂಡಿರಲಿಲ್ಲ.